ಕೂರಲೊಂದು ಕರಿಕಲ್ಲು

ನಿವೃತ್ತನಾದ ಗಂಡಸಿಗೆ ಸರ್ಕಾರ ಪಿಂಚಣಿ ಕೊಡುತ್ತದೆ. ಜೊತೆಯವರು ಶಾಲು, ಹಾರ, ಜರಿಪಂಚೆ ಕೊಡುತ್ತಾರೆ. ಕೂರಲು ಒಂದು ಜಾಗ ಮಾತ್ರ ಯಾರೂ ಕೊಡುವುದಿಲ್ಲ. ಈ ಸತ್ಯ ನನಗೆ ಹೊಳೆದದ್ದು ಜನವರಿ ಒಂದನೇ ತಾರೀಕು ಬೆಳಗ್ಗೆ ಎಂಟೂವರೆಗೆ.

ಮೂವತ್ತೊಂದು ವರ್ಷ ಹೊಸಪೇಟೆಯ ಕಾಲೇಜೊಂದರಲ್ಲಿ ಇತಿಹಾಸ ಹೇಳಿದವನು ನಾನು. ಅಷ್ಟನ್ನೂ ನಿಂತೇ ಹೇಳಿದ್ದೆ. ಇನ್ನಾದರೂ ಕೂರೋಣ ಎಂದು ಅವತ್ತು ಪಡಸಾಲೆಯ ಕುರ್ಚಿಯಲ್ಲಿ ಪೇಪರ್ ಬಿಡಿಸಿಕೊಂಡು ಕೂತೆ.

"ಏಳ್ರಿ, ಕಸ ಹೊಡೀಬೇಕು," ಎಂದಳು ನನ್ನ ಹೆಂಡತಿ ವಿಜಯಲಕ್ಷ್ಮಿ.

ಎದ್ದು ಹೋಗಿ ಮಂಚದ ಮೇಲೆ ಕೂತೆ.

"ಅಲ್ಲಿಂದ ಏಳ್ರಿ, ಹೊದಿಕಿ ಝಾಡಿಸಬೇಕು."

ಊಟದ ಮನೆಗೆ ಹೋದೆ. ಅಲ್ಲಿ ಆಗಷ್ಟೇ ನೆಲ ಒರೆಸಿದ್ದಳಂತೆ. ದೇವರ ಮನೆಯ ಹೊಸ್ತಿಲ ಈಚೆ ಕೂತೆ. "ಸ್ನಾನ ಆಗೇದೇನ್ರಿ? ಏಳ್ರಿ ಮದಲ!" ತುಘಲಕ್ ರಾಜಧಾನಿ ಬದಲಿಸಿದ ಕಥೆಯನ್ನು ಹೇಳಿ ಎಷ್ಟು ವರ್ಷ ಹುಡುಗರನ್ನು ನಗಿಸಿದ್ದೆನೋ, ಆ ಪಾಪವೆಲ್ಲ ಒಂದೇ ಬೆಳಗ್ಗೆ ತೀರಿತು. ಅವನಿಗಾದರೂ ಎತ್ತಿನ ಗಾಡಿಗಳಿದ್ದವು, ನಾನು ಪೇಪರ್ ಹೊತ್ತುಕೊಂಡು ಕಾಲ್ನಡಿಗೆಯಲ್ಲೇ ಅಲೆದೆ.

ಹೀಗೆ ಸಂಚಾರಿ ಜೀವನ ನಡೆಸುತ್ತಿರುವಾಗ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿ ಮಾರುತೇಶ್ ಬಂದು ನನ್ನನ್ನು ಕಡ್ಡಿರಾಂಪುರಕ್ಕೆ ಕರೆದೊಯ್ದ. ಹಂಪಿಗೆ ಬರುವವರಿಗೆಂದು ಅವನು ಅಲ್ಲೊಂದು ಹೋಂಸ್ಟೇ ಇಟ್ಟಿದ್ದಾನೆ. (ಇತಿಹಾಸದಲ್ಲಿ ಅವನಿಗೆ ಬರೋಬ್ಬರಿ ಮೂವತ್ತೈದು ಕೊಟ್ಟು ದಾಟಿಸಿದ್ದೆ. ಈಗ ಅದೇ ಇತಿಹಾಸ ಅವನಿಗೆ ಅನ್ನ ಹಾಕುತ್ತಿದೆ, ನನಗೆ ಹಾಕಿದ್ದಕ್ಕಿಂತ ತುಪ್ಪ ಸ್ವಲ್ಪ ಹೆಚ್ಚೇ ಬಡಿಸಿ.) ಮನೆಯ ಹಿಂದೆ ಬಾಳೆತೋಟ, ಅದರಾಚೆ ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ. ಇವೆರಡರ ಈಚೆಗೆ ಕಲ್ಲು ಹಾಸಿದ ಒಂದು ಅಂಗಳ.

"ಕುಂದ್ರಿ ಸರ, ಚಾ ತರ್ತೀನಿ," ಎಂದ.

ಚಪ್ಪಲಿ ಬಿಟ್ಟು ಕೂತೆ. ಕಲ್ಲಿನಲ್ಲಿ ಹಗಲಿನ ಕಾವು ಇನ್ನೂ ಚೂರು ಉಳಿದಿತ್ತು. ಮೇಲೆ ಬಾಳೆ ಎಲೆಯ ತಂಪು ಗಾಳಿ. ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದಂತೆ ಬಂಡೆಗಳೆಲ್ಲ ಕೆಂಪಾದವು, ಆಮೇಲೆ ನೇರಳೆಯಾದವು, ಆಮೇಲೆ ಬರೀ ನೆರಳಾದವು. ಕಾಲು ಚಾಚಿದೆ. ಯಾರೂ ಏನೂ ಅನ್ನಲಿಲ್ಲ. ಮಲಗಿದೆ. ಆಗಲೂ ಯಾರೂ ಏನೂ ಅನ್ನಲಿಲ್ಲ. ಎಲ್ಲೋ ದೂರದಲ್ಲಿ ತೋಟಕ್ಕೆ ಬಿಟ್ಟ ನೀರಿನ ಸದ್ದು. ಕಣ್ಣು ತಾನಾಗಿ ಮುಚ್ಚಿತು. ಎಷ್ಟು ಹೊತ್ತಾಯಿತೋ, ಮಾರುತೇಶ್ ಲೋಟ ಹಿಡಿದು ಬಂದವನು ಪಿಸುದನಿಯಲ್ಲಿ, "ಮಕ್ಕಂಡ್ರೇನ್ರಿ ಸರ? ಮಕ್ಕೊಳ್ರಿ ಮಕ್ಕೊಳ್ರಿ, ಚಾ ಆಮ್ಯಾಗ ಬಿಸಿ ಮಾಡಿ ತರ್ತೀನಿ," ಎಂದು ವಾಪಸ್ ಹೋದ. ನನ್ನ ಕಣ್ಣು ತುಂಬಿ ಬಂತು. ಅವನಿಗೆ ಇನ್ನೊಂದು ಹತ್ತು ಮಾರ್ಕ್ಸ್ ಕೊಡಬಹುದಿತ್ತು ಎನ್ನಿಸಿತು.

ಆ ಕ್ಷಣವೇ ನಿರ್ಧರಿಸಿದೆ. ನನ್ನ ಮನೆಯ ಹಿತ್ತಲಲ್ಲೂ ಒಂದು ಕಲ್ಲಿನ ಅಂಗಳ ಆಗಬೇಕು. ಅಲ್ಲಿ ನಾನು ಕೂರಬೇಕು. ಅಲ್ಲಿಂದ ನನಗೆ ಯಾರೂ "ಏಳ್ರಿ" ಅನ್ನಬಾರದು.

ನಮ್ಮ ಹಿತ್ತಲು ದೊಡ್ಡದೇನಲ್ಲ, ಹದಿನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಬರೀ ಮಣ್ಣು. ಮೂಲೆಯಲ್ಲಿ ಬೇವಿನ ಮರ, ನಡುವೆ ತುಳಸಿಕಟ್ಟೆ, ಪಕ್ಕದಲ್ಲಿ ಮಾಳಿಗೆಗೆ ಹತ್ತುವ ಕಬ್ಬಿಣದ ಸುತ್ತು ಮೆಟ್ಟಿಲು. ಮೊಣಕಾಲು ನೋವು ಶುರುವಾದ ಮೇಲೆ ವಿಜಯಲಕ್ಷ್ಮಿ ಆ ಮೆಟ್ಟಿಲು ಹತ್ತಿಲ್ಲ. ಮಾಳಿಗೆಯ ಮೇಲೆ ಪ್ರತಿ ಬೇಸಿಗೆ ಸಂಡಿಗೆ ಇಡುತ್ತಿದ್ದವಳು ಅದನ್ನೂ ಬಿಟ್ಟಳು. ಎರಡು ವರ್ಷದಿಂದ ನಮ್ಮ ಮನೆಗೆ ಸಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತಿದೆ. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಒಮ್ಮೆ ಎತ್ತಿದ್ದೆ, ಎರಡು ದಿನ ಬರೀ ಚಿತ್ರಾನ್ನ ತಿಂದೆ.

"ಹಿತ್ತಲಿಗೆ ಕಲ್ಲು ಹಾಸೋಣ ವಿಜಿ," ಎಂದೆ.

"ಯಾಕ?"

"ಕೂಡಲಿಕ್ಕೆ."

"ಹಂಪಿ ತುಂಬ ಕಲ್ಲವ. ದಿನಾ ಬಸ್ಸಿಗೆ ಹೋಗಿ ಅಲ್ಲೇ ಕೂತು ಬರ್ರಿ. ಮನೀನೂ ಸ್ವಚ್ಛ ಇರ್ತದ."

ಇತಿಹಾಸಕಾರನಾದವನು ಮೊದಲ ದಾಳಿಯಲ್ಲಿ ಸೋತರೆ ಎದೆಗುಂದುವುದಿಲ್ಲ. ಭಾನುವಾರ ಅವಳನ್ನೇ ಹಂಪಿಗೆ ಕರೆದುಕೊಂಡು ಹೋದೆ. ಕಲ್ಲಿನ ಮಹಿಮೆಯನ್ನು ಕಲ್ಲಿನಿಂದಲೇ ಹೇಳಿಸೋಣ ಎಂದು. ಹೊಳೆಯ ದಂಡೆಯ ಮಂಟಪದಲ್ಲಿ ಅವಳನ್ನು ಕೂರಿಸಿ ಶುರುಮಾಡಿದೆ. ಈ ಕಲ್ಲಿನ ಮೇಲೆ ಯಾರ ಯಾರ ಪಾದ ಬಿದ್ದಿರಬಹುದು, ಎಂಥೆಂಥ ಸಂಜೆಗಳನ್ನು ಇದು ಕಂಡಿರಬಹುದು, ರಾಜ್ಯ ಹೋದರೂ ಕಲ್ಲು ಉಳಿಯಿತು, ಕಲ್ಲಿನ ಮೇಲೆ ಕೂತವನಿಗೆ ಕಾಲವೇ ತಿಳಿಯುವುದಿಲ್ಲ... ಮಾತಾಡುತ್ತ ಆಡುತ್ತ ನನಗೇ ಮಂಪರು ಬಂತು. ತುಂಗಭದ್ರೆ ಬಂಡೆಗಳ ನಡುವೆ ತೂಕಡಿಸುತ್ತ ಹರಿಯುತ್ತಿತ್ತು. ಆಚೆ ದಡದಲ್ಲಿ ಒಂದು ತೆಪ್ಪ ಸುಮ್ಮನೆ ಸುತ್ತುತ್ತಿತ್ತು. ನೋಡಿದರೆ ವಿಜಿಯ ಕಣ್ಣೂ ಎಲ್ಲೋ ನೆಟ್ಟಿತ್ತು. ನನ್ನ ಮಾತಿಗೆ ಕರಗಿದಳು ಎಂದು ಹಿಗ್ಗಿದೆ.

ಅವಳು ನೋಡುತ್ತಿದ್ದದ್ದು ಹೊಳೆಯಲ್ಲಿ ಮಿಂದವರು ಬಂಡೆಯ ಮೇಲೆ ಹರವಿದ್ದ ಸೀರೆಗಳನ್ನು.

"ಈಗರೆ ಹಿಂಡಿ ಹಾಕಿದ್ರು. ಆಗಲೇ ಮಡಚಲಿಕ್ಹತ್ಯಾರ ನೋಡ್ರಿ. ಎಷ್ಟು ಜಲ್ದಿ ಒಣಗಿದ್ವು!" ಎಂದಳು. ಬಸ್ಸು ಹತ್ತುವಾಗ ತಾನಾಗಿಯೇ, "ಹಾಕಸ್ರಿ ಕಲ್ಲು," ಎಂದಳು.

ಮೂವತ್ಮೂರು ವರ್ಷದ ಸಂಸಾರದಲ್ಲಿ ನನ್ನ ಒಂದು ಭಾಷಣ ಗುರಿ ಮುಟ್ಟಿದ್ದು ಅದೇ ಮೊದಲು.

ಸಂಡೂರು ರಸ್ತೆಯಲ್ಲಿ ಮುದುಕಪ್ಪನ ಕಲ್ಲಿನ ಅಂಗಡಿ. ಅಂಗಡಿ ಎಂದರೆ ಬಯಲು. ಉದ್ದಕ್ಕೂ ನೆಲಕ್ಕೆ ಹಾಸುವ ಪರ್ಸಿ ಕಲ್ಲುಗಳನ್ನು ಗೋಡೆಯ ಹಾಗೆ ಓರೆಯಾಗಿ ನಿಲ್ಲಿಸಿದ್ದಾರೆ. ಅದಿರಿನ ಲಾರಿಗಳ ಕೆಂಪು ಧೂಳು ಕೂತು ಎಲ್ಲ ಕಲ್ಲೂ ಒಂದೇ ಬಣ್ಣವಾಗಿದ್ದವು. ಮುದುಕಪ್ಪ ಒಂದು ಚೊಂಬು ನೀರು ತಂದು ಒಂದೊಂದರ ಮೇಲೂ ಸುರಿದ. ನೀರು ಬಿದ್ದಲ್ಲಿ ಮಾತ್ರ ಕಲ್ಲು ತನ್ನ ನಿಜ ಮುಖ ತೋರಿಸಿತು. ಶಹಾಬಾದಿನದು ಮಳೆ ಮೋಡದ ಬೂದು. ತಾಂಡೂರಿನದು ಹಳದಿ. ನಮ್ಮ ಕಡೆಯ ಒರಟು ಕಣಶಿಲೆಯಲ್ಲಿ ಸಣ್ಣ ಸಣ್ಣ ಮಿಣುಕು. ಕೊನೆಯದು ಪಾಲಿಶ್ ಮಾಡಿದ ಕರಿ ಕಡಪ. ನೀರು ಸುರಿದದ್ದೇ ತಡ, ಅದರಲ್ಲಿ ಆಕಾಶ ಕಂಡಿತು. ಒಂದು ಮೋಡ ನಿಧಾನವಾಗಿ ಕಲ್ಲಿನೊಳಗೇ ದಾಟಿ ಹೋಯಿತು. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ, ಮುದುಕಪ್ಪ ಗಂಟಲು ಸರಿಮಾಡಿಕೊಂಡ.

"ಹಿಂಗ ನಿಂತು ನೋಡಿದ್ರ ಗೊತ್ತಾಗಲ್ಲಪ್ಪ. ಮಲಗಿಸು," ಎಂದೆ.

"ಯಾರನ್ರಿ?"

"ಕಲ್ಲನ್ನ!"

ಮಲಗಿಸಿದ. ಪಕ್ಕದಲ್ಲಿ ನಾನೂ ಮಲಗಿದೆ. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳಿದೆ. (ಸಂಗೀತದ ಕಂಬಗಳ ಊರಿನ ಪಕ್ಕದವರು ನಾವು, ಸುಮ್ಮನೆ ಕಲ್ಲು ಕೊಳ್ಳುವವರಲ್ಲ.) ಶಹಾಬಾದಿ ಕೆಮ್ಮಿತು. ತಾಂಡೂರು ಮುನಿಸಿಕೊಂಡಂತೆ ಸುಮ್ಮನಿತ್ತು. ಕರಿಕಲ್ಲು ಮಾತ್ರ ಶುದ್ಧ ಷಡ್ಜದಲ್ಲಿ "ಟಂ" ಎಂದಿತು. ಅದರ ಮೇಲೆ ಬಲಮಗ್ಗುಲಾದೆ, ಎಡಮಗ್ಗುಲಾದೆ.

"ಸರ, ಇದು ಕಲ್ಲಿನಂಗಡಿ ಐತ್ರಿ. ಹಾಸ್ಗಿ ಅಂಗಡಿ ಬಸ್ ಸ್ಟ್ಯಾಂಡ್ ಕಡಿಗೆ ಐತಿ," ಎಂದ ಮುದುಕಪ್ಪ, ಬಹಳ ಮರ್ಯಾದೆಯಿಂದ.

ಕರಿಕಲ್ಲೇ ಎಂದು ಮನಸ್ಸು ಆಗಲೇ ತೀರ್ಮಾನಿಸಿತ್ತು. ಯುಗಾದಿಯ ಹೊತ್ತಿಗೆ ಬೇವು ಹೂ ಬಿಡುತ್ತದೆ. ಕಪ್ಪು ಕಲ್ಲಿನ ಮೇಲೆ ಬಿಳಿ ಬೇವಿನ ಹೂ ಉದುರುತ್ತಿದೆ. ನಾನು ನೆರಳಲ್ಲಿ ಕಾಲು ಚಾಚಿದ್ದೇನೆ. ಪಕ್ಕದಲ್ಲಿ ನೊರೆಗಾಫಿ. ಕಲ್ಲಿನಲ್ಲಿ ಮೋಡ ದಾಟುತ್ತಿದೆ. ವಿಜಿ ಮೆಲುದನಿಯಲ್ಲಿ ದೇವರನಾಮ ಹೇಳುತ್ತಿದ್ದಾಳೆ. (ಕನಸಲ್ಲವೇ, ಅವಳ ದನಿಯನ್ನು ಎಷ್ಟು ಮೆತ್ತಗೆ ಬೇಕಾದರೂ ಮಾಡಿಕೊಳ್ಳಬಹುದು.)

ಆದರೆ ವಿಜಿ ಒಂದು ಷರತ್ತು ಹಾಕಿದಳು. "ನಾಲ್ಕೂ ಥರದ್ದು ಒಂದೊಂದು ತುಂಡು ತಂದು ಹಿತ್ತಲದಾಗ ಇಡ್ರಿ. ಎಂಟು ದಿನ ಬಿಸಲಾಗ ಇರಲಿ. ನೋಡಿ ಹೇಳ್ತೀನಿ."

ಅಬ್ಬಾ! ಸೀರೆ ಅಂಗಡಿಯಲ್ಲೂ ಇವಳು ಇಷ್ಟು ಆಸ್ಥೆ ತೋರಿಸಿದವಳಲ್ಲ. ನಾಲ್ಕು ತುಂಡು ತಂದಿಟ್ಟೆ.

ಮೂರನೆಯ ದಿನ ಬೆಳಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ನಾಲ್ಕೂ ಕಲ್ಲಿನ ನಡುವೆ ಒಂದೊಂದು ಬಿಳಿ ಚುಕ್ಕಿ! ರಂಗೋಲಿಯ ಚುಕ್ಕಿ! ಹೊಸ ಸ್ಕೂಟರ್ ಬಂದಾಗ, ಹೊಸ ಫ್ರಿಜ್ ಬಂದಾಗ ಹೀಗೆಯೇ ಚುಕ್ಕಿ ಇಟ್ಟು ಕೈಮುಗಿದವಳು ಅವಳು. ಈಗ ನನ್ನ ಕಲ್ಲಿಗೂ ಇಟ್ಟಿದ್ದಾಳೆ. ಬಾಯಲ್ಲಿ ಬೈದರೂ ಒಳಗೆ ಎಂಥ ಮನಸ್ಸು! ರಂಗೋಲಿ ತುಳಿಯಬಾರದೆಂದು ನಾನು ಆ ಕಡೆ ಹೋಗಲೇ ಇಲ್ಲ. ದೂರದಿಂದಲೇ ದಿನಾ ಅಧ್ಯಯನ ಮಾಡಿದೆ. ಬೂದು, ಹಳದಿ ಮತ್ತು ಒರಟು ಕಲ್ಲಿನ ಚುಕ್ಕಿ ಸಂಜೆಯವರೆಗೂ ಇದ್ದಲ್ಲೇ ಇರುತ್ತಿತ್ತು. ಕರಿಕಲ್ಲಿನದು ಮಾತ್ರ ಮಧ್ಯಾಹ್ನ ಹನ್ನೆರಡಕ್ಕೇ ಮಾಯ, ಒಂದು ಗಂಟೆಗೆ ಅಲ್ಲಿ ಹೊಸ ಚುಕ್ಕಿ. ಅಂದರೆ ದಿನಕ್ಕೆ ಎರಡು ಸಲ! ಅವಳ ಮನಸ್ಸೂ ಕರಿಕಲ್ಲಿನ ಮೇಲೇ ಇದೆ ಎನ್ನುವುದಕ್ಕೆ ಇದಕ್ಕಿಂತ ಶಾಸನಾಧಾರ ಬೇಕೇ?

ಆ ಶನಿವಾರ ಊಟಕ್ಕೆ ನನ್ನ ಎಲೆಯ ತುದಿಯಲ್ಲಿ ಗೋಲಿಯಷ್ಟು ಸಣ್ಣ ಸಂಡಿಗೆ ಏಳೆಂಟು ಬಿದ್ದವು. ಪ್ಯಾಕೆಟ್ಟಿನ ತಳದವಿರಬೇಕು ಎಂದುಕೊಂಡೆ. ರುಚಿಯಾಗಿದ್ದವು. ಆದರೂ ಕೇಳಲಿಲ್ಲ. ಚಿತ್ರಾನ್ನದ ನೆನಪು ಇನ್ನೂ ಹಸಿಯಾಗಿತ್ತು.

ಎಂಟನೆಯ ದಿನ ಕಲ್ಲು ಹಾಸುವ ಗೌಂಡಿ, ವಡ್ಡು ಎಂಬ ಊರಿನ ಎರ್ರೆಪ್ಪ ಬಂದ. ಕರಿಕಲ್ಲು ಎಂದು ಕೇಳಿದ್ದೇ ತಲೆ ಕೊಡವಿದ.

"ಬ್ಯಾಡ್ರಿ ಸಾಹೇಬ್ರ. ನೀರು ಬಿದ್ರ ಜಾರ್ತೈತಿ, ಬಿಸಲು ಬಿದ್ರ ರೊಟ್ಟಿ ಹಂಚಾಗ್ತೈತಿ. ನಮ್ಮೂರ ಬ್ಯಾಸಗಿ ನಿಮಗ ಗೊತ್ತಿಲ್ಲೇನ್ರಿ? ಕುಂದರಾಕ ಅಂದ್ರ ಶಾಬಾದಿ ಹಾಕ್ರಿ, ತಣ್ಣಗಿರ್ತೈತಿ."

ನಾನು ಬಾಯಿ ತೆರೆಯುವ ಮೊದಲೇ ವಿಜಿ ಮುಂದೆ ಬಂದಳು. "ಎರ್ರೆಪ್ಪ, ಸಾಹೇಬ್ರು ಓದಿದವರು. ಅವರು ಕರೀದು ಅಂದ್ರ ಕರೀದೇ. ಸುಮ್ನ ಹಾಕು."

ಓದುಗರೇ, ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಹೆಂಡತಿ ಗಂಡನ ವಿದ್ವತ್ತನ್ನು ಮೂರನೆಯವರ ಮುಂದೆ ಹೊಗಳಿದಳೆಂದರೆ ಎಲ್ಲೋ ಏನೋ ಕಾದಿದೆ ಎಂದೇ ಅರ್ಥ. ನಾನು ಎದೆಯುಬ್ಬಿಸಿ ಮೀಸೆ ತೀಡಿಕೊಂಡೆ.

ಐದು ದಿನ ಕೆಲಸ ನಡೆಯಿತು. ನಾನು ತುಳಸಿಕಟ್ಟೆಗೆ ಒರಗಿ, ಒಂದೊಂದು ಕಲ್ಲೂ ಮಟ್ಟಕ್ಕೆ ಕೂರುವುದನ್ನು ನೋಡುತ್ತ ನನ್ನ ಜಾಗವನ್ನು ಮನಸ್ಸಿನಲ್ಲೇ ಬದಲಿಸುತ್ತಿದ್ದೆ. ಬೆಳಗ್ಗೆ ಈ ಮೂಲೆ, ಸಂಜೆ ಆ ಮೂಲೆ, ಹುಣ್ಣಿಮೆಗೆ ನಡುವೆ. ನಾಲ್ಕನೆಯ ದಿನ ನಾನು ಪಿಂಚಣಿ ಕಾಗದಕ್ಕೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಬೇವಿನ ಕೊಂಬೆಗಳು ನೆಲದ ಮೇಲಿದ್ದವು. ಗೋಡೆಯಾಚೆ ಚಾಚಿದ್ದ ಒಂದೇ ಒಂದು ಉಳಿದಿತ್ತು.

"ಯಾರು ಕಡಿಸಿದ್ದು?"

"ನಾನೇ. ಎಲಿ ಉದುರಿ ನಿಮ್ಮ ಕಲ್ಲು ಹೊಲಸಾಗ್ತಿತ್ತಲ್ಲ!" ಎಂದಳು. *ನಿಮ್ಮ ಕಲ್ಲು* ಎಂದಳು! ನೆರಳು ಹೋದ ದುಃಖ ಆ ಒಂದು ಮಾತಿನಲ್ಲಿ ಹಾರಿಹೋಯಿತು.

ಶಿವರಾತ್ರಿ ಮುಗಿದ ಮರುವಾರ ಕಲ್ಲು ಒಣಗಿ ಸಿದ್ಧವಾಯಿತು. ವಿಜಿ ಕೊಡಗಟ್ಟಲೆ ನೀರು ಸುರಿದು ತೊಳೆದಳು. ಸಂಜೆ ಕಂಪ್ಲಿಯಿಂದ ಅವಳ ತಂಗಿ ಶ್ರೀಲಕ್ಷ್ಮಿ ಒಂದು ಚೀಲ ಅಕ್ಕಿ, ಒಂದು ದೊಡ್ಡ ಪಾತ್ರೆ ಸಮೇತ ಬಂದಿಳಿದಳು. ಪ್ರಾರಂಭೋತ್ಸವದ ಊಟಕ್ಕೆ ಇಷ್ಟೊಂದು ತಯಾರಿಯೇ ಎಂದು ನಾನು ಸಂಕೋಚಪಟ್ಟೆ. "ಇಷ್ಟ್ಯಾಕ ತಂದ್ಯವ್ವಾ?" ಎಂದರೆ, "ಇರಲಿ ಭಾವಾ, ವರ್ಷಕ್ಕೊಂದು ಸಲ," ಎಂದು ಅಕ್ಕನ ಮುಖ ನೋಡಿ ನಕ್ಕಳು.

ಬೆಳಗಾಯಿತು. ನನ್ನ ಪಟ್ಟಾಭಿಷೇಕದ ದಿನ. ಲೋಟದಲ್ಲಿ ಕಾಫಿ ಬಗ್ಗಿಸಿಕೊಂಡು, ಬಗಲಲ್ಲಿ ಪೇಪರ್ ಇಟ್ಟುಕೊಂಡು, ಕಣ್ಣಲ್ಲಿ ಇನ್ನೂ ಅರ್ಧ ಕನಸು ಉಳಿಸಿಕೊಂಡು ಹಿತ್ತಲ ಬಾಗಿಲು ತೆರೆದೆ.

ಕಪ್ಪು ಕಲ್ಲು ಕಾಣಲೇ ಇಲ್ಲ. ಅಂಚಿನಿಂದ ಅಂಚಿಗೆ ಬಿಳಿ ಪಂಚೆಗಳನ್ನು ಹಾಸಿತ್ತು. ನಡುವಿನದು ಕಾಲೇಜಿನವರು ಬೀಳ್ಕೊಡುಗೆಗೆ ಕೊಟ್ಟ ನನ್ನ ಜರಿಪಂಚೆ. ಅದರ ಮೇಲೆ ಸಾಲುಸಾಲಾಗಿ ಚುಕ್ಕಿ. ನೂರಲ್ಲ, ಸಾವಿರ ಚುಕ್ಕಿ! ಅಕ್ಕತಂಗಿಯರಿಬ್ಬರೂ ಮಡಿಸೀರೆಯುಟ್ಟು, ಬಿಸಿ ಹಿಟ್ಟಿನ ಪಾತ್ರೆ ನಡುವಿಟ್ಟುಕೊಂಡು, ಸವಟಿನಿಂದ ಸಂಡಿಗೆ ಬಿಡುತ್ತ ಕೂತಿದ್ದರು. ಜೀರಿಗೆ, ಇಂಗಿನ ಘಮ ಬೀದಿಯವರೆಗೂ ಹೋಗುವಂತಿತ್ತು. ಆ ಎಂಟು ದಿನದ ನನ್ನ ರಂಗೋಲಿ ಸಂಶೋಧನೆ ಕಣ್ಣೆದುರೇ ಕುಸಿದು ಬಿತ್ತು.

ಒಂದು ಕಾಲು ಹೊಸ್ತಿಲಾಚೆ ಇಟ್ಟೆ.

"ಅಲ್ಲೇ ನಿಂದರ್ರಿ!" ಎಂದು ಚೀರಿದಳು ವಿಜಿ. "ಮಡೀಲೆ ಇದೀವಿ! ಮಕ ತೊಳದಿಲ್ಲ, ಮೈ ತೊಳದಿಲ್ಲ, ಕಲ್ಲು ಮುಟ್ಟೀರಿ ನೋಡ್ರಿ ಮತ್ತ! ಎಲ್ಲಾ ಮೈಲಿಗಿ ಆಗ್ತದ!"

ನನ್ನ ಕಲ್ಲು. ನಾನೇ ಮಲಗಿ, ತಟ್ಟಿ, ಕಿವಿಗೊಟ್ಟು ಆರಿಸಿದ ಕಲ್ಲು. ಅದನ್ನು ನಾನೇ ಮುಟ್ಟುವಂತಿಲ್ಲ!

"ಹಂಗಾರ ನೀ ಈ ಕಲ್ಲು ಸಂಡಿಗಿ ಸಲುವಾಗಿ ಹಾಕಿಸಿದ್ಯೇನು?"

"ಹಾಕಿಸಿದವರು ನೀವು. ಆರಿಸಿದವರೂ ನೀವು. ನಾ ಬರೇ ಹೂಂ ಅಂದೆ."

"ಆ ಚುಕ್ಕಿ?"

"ಯಾವ ಕಲ್ಲಿನ ಮ್ಯಾಲ ಜಲ್ದಿ ಒಣಗ್ತದ ಅಂತ ನೋಡಿದೆ. ಕರೀದರ ಮ್ಯಾಲ ಮಧ್ಯಾಹ್ನಕ್ಕ ಖಣಖಣ ಅಂತಿತ್ತು. ಶನಿವಾರ ನೀವೇ ಚಪ್ಪರಿಸಿಕೊಂಡು ತಿಂದ್ರಲ್ಲ!"

ಶ್ರೀಲಕ್ಷ್ಮಿ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ರೋಷ ಬಂತು. ಇನ್ನೇನು ಮಾತಿಗೆ ಮಾತು ಬೆಳೆಸಬೇಕು, ಅಷ್ಟರಲ್ಲಿ ವಿಜಿ ಸವಟು ಕೆಳಗಿಟ್ಟು, ನನ್ನ ಕಡೆ ನೋಡದೆ ಹೇಳಿದಳು.

"ಎರಡು ವರ್ಷ ಆತು. ಅಂಗಡಿ ಸಂಡಿಗಿ ದೇವರ ನೈವೇದ್ಯಕ್ಕ ಇಡಲಿಕ್ಕೆ ಬರೂದಿಲ್ಲ. ಹಬ್ಬದ ದಿನ ಎಲಿ ತುದೀಗೆ ಜಾಗಾ ಖಾಲಿ ಬಿಡ್ತಿದ್ದೆ, ನೀವು ನೋಡಿರಲಿಕ್ಕಿಲ್ಲ. ಮ್ಯಾಲೆ ಹತ್ತಲಿಕ್ಕೆ ಆಗೂದಿಲ್ಲ ಅಂತ ಯಾರ ಮುಂದ ಹೇಳ್ಲಿ? ಇವತ್ತು ಒಂದು ಮೆಟ್ಲೂ ಹತ್ತಲಿಲ್ಲರಿ, ಮೊಣಕಾಲು ಸದ್ದು ಮಾಡಲಿಲ್ಲ."

ನಾನು ನೋಡಿರಲಿಲ್ಲ, ಅದು ನಿಜ. ಐನೂರು ವರ್ಷದ ಹಿಂದಿನ ಅರಸರು ಎಲ್ಲಿ ಕೂರುತ್ತಿದ್ದರು ಎಂದು ಹೇಳಬಲ್ಲ ನನಗೆ, ನನ್ನೆದುರಿನ ಎಲೆಯ ತುದಿ ಕಂಡಿರಲಿಲ್ಲ. ನಾಚಿಕೆಯಾಯಿತು. ಬಿಸಿ ಹಿಟ್ಟಿನ ಹಬೆಯಲ್ಲಿ ಅವಳ ಮುಖ ಬಹಳ ದಿನಗಳ ಮೇಲೆ ಹಗುರವಾಗಿ ಕಂಡಿತು. ಬಾಗಿಲಲ್ಲಿ ನಿಂತೇ ಕಾಫಿ ಕುಡಿದು ಮುಗಿಸಿದೆ. ಜಗಳ ಬೇಡವೆನಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ತ್ಯಾಗಮೂರ್ತಿಯಾಗಿ ಉಳಿಯುತ್ತಿದ್ದೆ. ಹತ್ತು ಗಂಟೆಗೆ ಗೋಡೆಯ ಮೇಲೆ ಒಂದು ದೊಡ್ಡ ಮಂಗ ಬಂದು ಕೂತಿತು. ಕೂತು, ಸಾವಿರ ಚುಕ್ಕಿಗಳನ್ನು ಒಂದು ಕಡೆಯಿಂದ ಓದತೊಡಗಿತು.

"ಏನ್ರೀ! ಜಲ್ದಿ ಸ್ನಾನ ಮಾಡಿ, ಒದ್ದಿ ಪಂಚಿ ಉಟ್ಟು ಬರ್ರಿ!" ಎಂದು ಕೂಗಿದಳು ವಿಜಿ. "ನಮಗ ಒಳಗ ಅಡಗಿ ಅದ. ಯಾರರೆ ಕಾಯಬೇಕಲ್ಲ!"

ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆ ಉಟ್ಟು ಬಂದೆ. ಪಂಚೆಗಳ ಅಂಚು ಸರಿಸಿ ಕಾಲಿಡುವಷ್ಟು ಜಾಗ ಮಾಡಿದ್ದರು. ನಟ್ಟ ನಡುವೆ ತುಳಸಿಕಟ್ಟೆಯ ಪಕ್ಕ ಒಂದು ಮಣೆ. ಕೈಗೆ ಒಂದು ಬೆತ್ತ, ತಲೆಗೆ ಒಂದು ಛತ್ರಿ. ಊರೆಲ್ಲ ಅಲೆದು ಆರಿಸಿ ತಂದ ಕಲ್ಲಿನ ಮೇಲೆ ಕೊನೆಗೆ ನಾನು ಕೂತದ್ದು ಮರದ ಮಣೆಯಲ್ಲಿ.

"ಇವತ್ತು ಸಂಡಿಗಿ," ಎಂದು ವಿಜಿ ಬೆರಳು ಮಡಚಿದಳು. "ನಾಡಿದ್ದು ಹಪ್ಪಳ. ಆಮ್ಯಾಲ ಮಜ್ಜಿಗಿ ಮೆಣಸಿನಕಾಯಿ. ಮುಂದ ಹುಣಸಿಹಣ್ಣು, ಬ್ಯಾಳಿ, ಗೋಧಿ. ಮಳಿ ಬರೂತನಕ ಏನೂ ಚಿಂತಿ ಇಲ್ಲ."

ಹೋಗುವ ಮುನ್ನ ಅರೆ ಒಣಗಿದ ಒಂದು ಸಂಡಿಗೆ ಎತ್ತಿ ನನ್ನ ಅಂಗೈಯಲ್ಲಿ ಹಾಕಿದಳು. ಮೇಲೆ ಗರಿ, ಒಳಗೆ ಮೆತ್ತಗೆ. ಕಣ್ಣುಮುಚ್ಚಿ ತಿಂದೆ. ಎರಡು ನಿಮಿಷ ನಾನೂ, ಕರಿಕಲ್ಲೂ, ಮೋಡವೂ ಎಲ್ಲ ಒಂದಾದೆವು.

ಆಮೇಲೆ ಸೂರ್ಯ ನೆತ್ತಿಗೆ ಬಂದ. ಒದ್ದೆ ಪಂಚೆ ಆಗಲೇ ಒಣಗಿ ಗರಿಗರಿಯಾಗಿತ್ತು. ಎರ್ರೆಪ್ಪನ ರೊಟ್ಟಿ ಹಂಚಿನ ಮಾತು ಮಣೆಯನ್ನು ದಾಟಿ ನನ್ನನ್ನು ಮುಟ್ಟಿತು. ತಡೆಯಲಾರದೆ, ಸದ್ದಾಗದಂತೆ, ಮೆಲ್ಲಗೆ ಎದ್ದೆ.

ಅಡುಗೆಮನೆಯ ಕಿಟಕಿಯಿಂದ ದನಿ ಬಂತು. "ಯಾಕ ಎದ್ರಿ? ಕುಂದ್ರಿ! ಸಂಜೀತನಕ ಅಲ್ಲಿಂದ ಏಳಬ್ಯಾಡ್ರಿ!"

ಕೂತೆ. ಎದುರಿಗೆ, ಬೇವಿನ ಉಳಿದ ಒಂದೇ ಕೊಂಬೆಯ ನೆರಳಿನಲ್ಲಿ, ಗೋಡೆಯ ಮೇಲೆ ಮಂಗ ಕಾಲು ಚಾಚಿ ಮಲಗಿತ್ತು. ಅದಕ್ಕೂ ಯಾರೂ ಏಳು ಅನ್ನಲಿಲ್ಲ.